ಗಣಿ ಮುಚ್ಚಿದರೂ ಮನೆ ನಡೆಯಬೇಕಲ್ಲ

ಬೆಳಕು ಹರಿಯುವ ಮೊದಲೇ ಮಾರಿಕುಪ್ಪಂನಿಂದ ಹೊರಟ ರೈಲು ಬಂಗಾರಪೇಟೆಗೆ ಬರುವಾಗ ಕೂರಲು ಜಾಗ ಸಿಗುವುದು ಕಷ್ಟ. ಟಿಫಿನ್ ಡಬ್ಬಿ ಹಿಡಿದ ಹೆಂಗಸರು, ಆಗಷ್ಟೇ ಕಾಲೇಜು ಮುಗಿಸಿದ ಮಕ್ಕಳು, ನಡುವಯಸ್ಸಿನ ಗಂಡಸರು. ಹೆಚ್ಚಿನವರು ಬೆಂಗಳೂರಿಗೆ ದುಡಿಯಲು ಹೋಗಿ, ರಾತ್ರಿ ಅದೇ ದಾರಿಯಲ್ಲಿ ಮರಳುವವರು. ಮದುವೆಯೊಂದಕ್ಕೆ ಬಂಗಾರಪೇಟೆಗೆ ಹೋಗಿದ್ದ ನಮಗೆ ಈ ಪ್ಲಾಟ್‌ಫಾರ್ಮ್ ನೋಡುವಾಗ ನೆನಪಾದದ್ದು ಮಂಗಳೂರಿನ ವಿಮಾನ ನಿಲ್ದಾಣ. ಅಲ್ಲಿಯೂ ಇದೇ ಕಥೆ ಅಲ್ವಾ? ಅವರು ಮನೆ ಬಿಡುವುದು ದಿನದ ಲೆಕ್ಕದಲ್ಲಿ, ನಮ್ಮವರು ಬಿಡುವುದು ವರ್ಷಗಳ ಲೆಕ್ಕದಲ್ಲಿ. ಅಷ್ಟೇ ವ್ಯತ್ಯಾಸ.

ಕೆಜಿಎಫ್ ಅಂದರೆ ಈಗಿನ ಮಕ್ಕಳಿಗೆ ಸಿನಿಮಾ. ಆದರೆ ದುಡಿಮೆಯ ಕಾಲ ಬದಲಾದಾಗ ಮನೆಯನ್ನು ಯಾರು, ಹೇಗೆ ಮುನ್ನಡೆಸಬೇಕು ಎಂಬುದಕ್ಕೆ ಆ ಊರಿನಷ್ಟು ದೊಡ್ಡ ಪಾಠ ಬೇರೆ ಇಲ್ಲ.

ಫಲ ನೋಡದೆ ಹೋದ ದಿವಾನರು

1880ರಲ್ಲಿ ಜಾನ್ ಟೇಲರ್ ಕಂಪೆನಿ ಇಲ್ಲಿ ಗಣಿ ಕೆಲಸ ಕೈಗೆತ್ತಿಕೊಂಡಿತು. ಗಣಿ ಆಳಕ್ಕೆ ಇಳಿದ ಹಾಗೆ ಯಂತ್ರಗಳಿಗೆ ಹೆಚ್ಚು ಶಕ್ತಿ ಬೇಕಾಯಿತು. ಕಾವೇರಿಯ ಶಿವನಸಮುದ್ರದಲ್ಲಿ ವಿದ್ಯುತ್ ಮಾಡಿ, ಸುಮಾರು 147 ಕಿ.ಮೀ. ದೂರದ ಗಣಿಗೆ ತಂತಿಯಲ್ಲಿ ಕಳಿಸುವ ಯೋಜನೆಯನ್ನು ಮೈಸೂರಿನ ದಿವಾನ ಕೆ. ಶೇಷಾದ್ರಿ ಅಯ್ಯರ್ ಮುನ್ನಡೆಸಿದರು. ಅವರು 1901ರಲ್ಲಿ ಹುದ್ದೆ ಬಿಟ್ಟರು, ಅದೇ ವರ್ಷ ತೀರಿಕೊಂಡರು. ಗಣಿಗೆ ವಿದ್ಯುತ್ ಹರಿದದ್ದು 1902ರ ಜೂನ್ 30ರಂದು. ಅವರಿಲ್ಲದೆಯೂ ಕೆಲಸ ನಿಲ್ಲಲಿಲ್ಲ. ನಮ್ಮ ಅಂಗಡಿ, ನಮ್ಮ ಮನೆ ನಾವಿಲ್ಲದಿದ್ದರೆ ಎಷ್ಟು ದಿನ ನಡೆದೀತು? ಮುನ್ನಡೆಸುವವರು ಒಮ್ಮೆಯಾದರೂ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ಗಣಿಯೊಳಗಿನ ನಾಯಕತ್ವ ಬೇರೆ ಥರದ್ದು. ಚಾಂಪಿಯನ್ ರೀಫ್ ಗಣಿ ನೆಲದಿಂದ ಮೂರು ಕಿ.ಮೀ.ಗೂ ಹೆಚ್ಚು ಆಳ. ಅಷ್ಟು ಆಳದಲ್ಲಿ ಬಂಡೆ ಸುಡುವಷ್ಟು ಬಿಸಿ, ಮೇಲಿನ ಭಾರಕ್ಕೆ ಕಲ್ಲು ಇದ್ದಕ್ಕಿದ್ದಂತೆ ಸಿಡಿಯುತ್ತದೆ. ಆಳುಗಳು ಕೆಲಸ ಶುರು ಮಾಡುವ ಮೊದಲು ಮೇಲ್ವಿಚಾರಕ ಹೋಗಿ, ಆ ಜಾಗ ಸುರಕ್ಷಿತವೇ ಎಂದು ನೋಡಬೇಕು ಎನ್ನುವುದು ಗಣಿ ಕೆಲಸದ ನಿಯಮ. ‘ನೀವು ಹೋಗಿ, ನಾನು ಇಲ್ಲಿಂದ ಹೇಳ್ತೇನೆ’ ಎನ್ನುವ ಮಾತಿಗೆ ಅಲ್ಲಿ ಬೆಲೆ ಇಲ್ಲ. ಅಪಾಯದ ಕಡೆಗೆ ಮೊದಲ ಹೆಜ್ಜೆ ಇಡುವವನೇ ಮೇಸ್ತ್ರಿ.

ಸೈರನ್ ನಿಂತ ದಿನ

1972ರಲ್ಲಿ ಕೇಂದ್ರ ಸರಕಾರದ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಸ್ಥಾಪನೆಯಾಯಿತು. ಒಂದು ಟನ್ ಅದಿರಿನಲ್ಲಿ ಸಿಗುವ ಚಿನ್ನ ಇಳಿಯುತ್ತಾ ಬಂತು, ತೆಗೆಯುವ ಖರ್ಚು ಏರುತ್ತಾ ಹೋಯಿತು. ಕೊನೆಗೆ 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಸಂಬಳ ಮಾತ್ರವಲ್ಲ, ವಾಸದ ಮನೆ, ನೀರು, ಆಸ್ಪತ್ರೆ ಎಲ್ಲ ಕಂಪೆನಿಯನ್ನೇ ನಂಬಿಕೊಂಡಿದ್ದ ಊರದು. ತಲೆಮಾರುಗಳಿಂದ ಗಣಿಗೆ ಇಳಿಯುತ್ತಿದ್ದ ಗಂಡಸರು ಮನೆಯಲ್ಲಿ ಕೂರಬೇಕಾಯಿತು. ಮಗನೋ ಮಗಳೋ ಬೆಂಗಳೂರಿನ ರೈಲು ಹತ್ತಬೇಕಾಯಿತು. ಮನೆಯ ದುಡಿಯುವ ಕೈ ಬದಲಾಯಿತು. ಆದರೆ ಮನೆಯ ಮಾತು ಯಾರ ಕೈಯಲ್ಲಿರಬೇಕು?

ಈ ಪ್ರಶ್ನೆ ನಮ್ಮ ಮನೆಗೂ ಬಂದಿತ್ತು. ಉಪ್ಪ 22 ವರ್ಷ ಸೌದಿಯಲ್ಲಿದ್ದರು. 2011ರಲ್ಲಿ ನಿತಾಖತ್ ಬಂದಾಗಲೇ ಕೆಲಸ ಅಲುಗಾಡಿತ್ತು. ಆದರೆ ಫೋನಿನಲ್ಲಿ ಯಾವತ್ತೂ ‘ಎಲ್ಲ ಚೆನ್ನಾಗಿದೆ’ ಎಂದೇ ಹೇಳುತ್ತಿದ್ದರು. ಒಂದು ದಿನ ಕಾಯಂ ಆಗಿ ಬಂದೇ ಬಿಟ್ಟರು. ಅಷ್ಟು ವರ್ಷ ರೇಶನ್, ಮಕ್ಕಳ ಫೀಸು, ಬಾವಿಯ ಪಂಪು, ಕುಟುಂಬದ ಮದುವೆ-ಮಯ್ಯತ್ ಎಲ್ಲವನ್ನೂ ಒಬ್ಬಳೇ ಸುಧಾರಿಸಿದವಳು ಉಮ್ಮ. ಬಂದ ವಾರದಲ್ಲೇ ಉಪ್ಪ ಮೀನಿನ ಲೆಕ್ಕ ಕೇಳಲು ಶುರು ಮಾಡಿದರು. ಉಮ್ಮ ಮಾತು ಕಡಿಮೆ ಮಾಡಿದಳು.

ಆಮೇಲೆ ಉಪ್ಪ ಯಾರನ್ನೂ ಕೇಳದೆ ಒಂದು ಅಂಗಡಿ ಹಾಕಿದರು. ಒಂದೂವರೆ ವರ್ಷದಲ್ಲಿ ಅದು ಮುಚ್ಚಿತು. ಬಸ್ ಸ್ಟಾಪ್ ಮುಂದಕ್ಕೆ ಹೋಗಿ ಆ ತಿರುವಿನಲ್ಲಿ ಜನ ನಿಲ್ಲದೆ ಎಷ್ಟೋ ವರ್ಷ ಆಗಿತ್ತು. ಅದು ಉಮ್ಮನಿಗೆ ಗೊತ್ತಿತ್ತು. ‘ಹೇಳಬಾರದಿತ್ತಾ?’ ಎಂದು ನಾವು ಕೇಳಿದೆವು. ‘ಕೇಳಿದ್ದರೆ ಹೇಳ್ತಿದ್ದೆ’ ಎಂದಳು.

ತಪ್ಪು ಉಪ್ಪಂದು ಮಾತ್ರ ಅಲ್ಲ. ತಿಂಗಳು ತಿಂಗಳು ಹಣ ಬರುವಾಗ ಅಲ್ಲಿಯ ಕೆಲಸ ಹೇಗಿದೆ ಎಂದು ನಾವು ಮಕ್ಕಳೂ ವಿಚಾರಿಸಿದವರಲ್ಲ.

ಕಾಲ ಬದಲಾಗುವ ಮೊದಲು

ಯಾವ ಕೆಲಸಕ್ಕೂ ಮೊದಲು ಮಶೂರ ಮಾಡಿ, ಅಂದರೆ ಕೂಡಿ ಸಮಾಲೋಚಿಸಿ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ನಾವು ಅದನ್ನು ಮದುವೆ ಸಂಬಂಧಕ್ಕೆ ಮಾತ್ರ ಇಟ್ಟುಕೊಂಡಿದ್ದೇವೆ. ಮನೆಯ ಹಣದ ವಿಷಯಕ್ಕೂ ಅದು ಬೇಕು. ಗಲ್ಫ್‌ನಲ್ಲಿರುವವರು ಕೆಲಸ ಅಲುಗಾಡುತ್ತಿದೆ ಅನ್ನಿಸಿದ ದಿನವೇ ಮನೆಯಲ್ಲಿ ಹೇಳಲಿ. ಅದರಲ್ಲಿ ನಾಚಿಕೆ ಏನೂ ಇಲ್ಲ. ಉಳಿತಾಯ ಎಷ್ಟು, ಸಾಲ ಎಷ್ಟು, ಯಾರಿಗೆ ಕೊಡಬೇಕು ಎನ್ನುವುದನ್ನು ಗಂಡ-ಹೆಂಡತಿ ಇಬ್ಬರೂ ತಿಳಿದಿರಲಿ. ಊರಿಗೆ ಮರಳಿದವರು ಮೊದಲ ಆರು ತಿಂಗಳು ನೋಡುತ್ತಾ ಕೇಳುತ್ತಾ ಇರಲಿ. ಅಷ್ಟು ವರ್ಷ ಮನೆ ನಡೆಸಿದವಳು ಆ ವಿಷಯದಲ್ಲಿ ಅವರಿಗಿಂತ ಸೀನಿಯರ್.

ಹಾಗೆಯೇ, ದುಡಿಯಲು ಹೊರಟ ಮಕ್ಕಳು ಕೂಡಾ ಮನೆಯಲ್ಲಿ ಕೂತ ಉಪ್ಪನನ್ನು ಲೆಕ್ಕದಿಂದ ಬಿಡಬಾರದು. ಸಂಬಳ ನಿಂತ ಮಾತ್ರಕ್ಕೆ ಅನುಭವ ನಿಲ್ಲುವುದಿಲ್ಲ.

ಅಂಗಡಿ ಮುಚ್ಚಿದ ರಾತ್ರಿ ಉಪ್ಪ ಲೆಕ್ಕದ ಪುಸ್ತಕ ತಂದು ಉಮ್ಮನ ಮುಂದೆ ಇಟ್ಟರು. ‘ಇನ್ನು ನೀನೇ ನೋಡು, ನಾನು ಜೊತೆಗಿರ್ತೇನೆ’ ಎಂದರು. ಉಳಿದದ್ದರಲ್ಲಿ ಉಮ್ಮ ಮೊದಲು ಸಾಲ ತೀರಿಸಿದಳು. ಈಗ ಮೊಮ್ಮಕ್ಕಳನ್ನು ಬೆಳಗ್ಗೆ ಮದ್ರಸಕ್ಕೆ ಬಿಡುವುದು, ಸಂಜೆ ಅವರಿಗೆ ಲೆಕ್ಕ ಹೇಳಿಕೊಡುವುದು ಉಪ್ಪನ ಕೆಲಸ. ಮೀನು ತರುವುದೂ ಅವರೇ. ಲೆಕ್ಕ ಕೇಳುವುದು ಮಾತ್ರ ಉಮ್ಮ.