ಮಾಕೋ ಊರಿನ ಅಂತರಿಕ್ಷ ನೌಕೆಗಳು

ಬ್ಲ್ಯಾಕ್ ಮೆಟಲ್ ಎಂದ ಕೂಡಲೇ ಹೆಚ್ಚಿನವರಿಗೆ ನೆನಪಾಗುವುದು ಮುಖಕ್ಕೆ ಕಪ್ಪು ಬಿಳಿ ಬಣ್ಣ ಬಳಿದುಕೊಂಡ ನಾರ್ವೆಯ ಹುಡುಗರು, ಹಿಮ ಸುರಿಯುವ ಕಾಡು, ಎದೆ ನಡುಗಿಸುವ ಚೀತ್ಕಾರ. ಅದೇ ಗಿಟಾರು, ಅದೇ ಚೀತ್ಕಾರ ಇಟ್ಟುಕೊಂಡು ಒಬ್ಬ ತನ್ನ ಬಾಲ್ಯವನ್ನೂ ತನ್ನ ಊರನ್ನೂ ಹಿತ್ತಲ ಹುಳುಹುಪ್ಪಟೆಗಳನ್ನೂ ಹಾಡಿದರೆ ಹೇಗಿರುತ್ತದೆ? ಹಂಗೇರಿಯ ‘ದೈ ಕ್ಯಾಟಫಾಲ್ಕ್’ ತಂಡ 2009ರಲ್ಲಿ ಹೊರತಂದ ‘ರೋಕಾ ಹಶಾ ರಾದಿಯೋ’ ಆಲ್ಬಂ ಹಾಗಿದೆ. ನರಿಯ ಹೊಟ್ಟೆಯ ರೇಡಿಯೊ ಎಂದು ಆ ಹೆಸರಿನ ಅರ್ಥ.

ತಂಡ ಹುಟ್ಟಿದ್ದು 1998ರಲ್ಲಿ, ಮಾಕೋ ಎಂಬ ಊರಿನಲ್ಲಿ. ರುಮೇನಿಯದ ಗಡಿಗೆ ಹತ್ತಿರ, ಮಾರೊಶ್ ನದಿಯ ದಂಡೆಯಲ್ಲಿರುವ ಸಣ್ಣ ಪಟ್ಟಣ ಅದು. ಸುತ್ತ ಕಣ್ಣು ಹಾಯುವಷ್ಟು ದೂರ ಬಯಲು. ಹಂಗೇರಿಯಲ್ಲಿ ಮಾಕೋ ಎಂದರೆ ಈರುಳ್ಳಿ. ನಮ್ಮ ಪತ್ರಿಕೆಯವರಿಗೆ ಅದು ಪುಲಿಟ್ಜರ್ ಊರು. ಪ್ರಶಸ್ತಿಗೆ ಹೆಸರು ಕೊಟ್ಟ ಜೋಸೆಫ್ ಪುಲಿಟ್ಜರ್ 1847ರಲ್ಲಿ ಹುಟ್ಟಿದ್ದು ಅಲ್ಲೇ. ಇಂಥ ಊರಿನಲ್ಲಿ ತಮಾಶ್ ಕಾತಾಯ್ ಮತ್ತು ಯಾನೋಶ್ ಯುಹಾಸ್ ಎಂಬಿಬ್ಬರು ಸೇರಿ ತಂಡ ಕಟ್ಟಿದರು. ಇಟ್ಟ ಹೆಸರು ಮಾತ್ರ ಈ ಪ್ರಕಾರದ ವಾಡಿಕೆಯಂತೆ ಸಾವಿನದೇ: ಕ್ಯಾಟಫಾಲ್ಕ್ ಎಂದರೆ ಶವಪೆಟ್ಟಿಗೆ ಇಡುವ ಅಲಂಕೃತ ಕಟ್ಟೆ.

ಕೇಳಿ ಅಭ್ಯಾಸವಿಲ್ಲದವರಿಗೆ ಈ ಸಂಗೀತ ಬರೀ ಗದ್ದಲ ಅನ್ನಿಸುವುದು ಸಹಜ. ಅದರ ಒಳಗುಟ್ಟು ವೇಗದಲ್ಲಿದೆ. ಗಿಟಾರಿನ ಒಂದೇ ತಂತಿಯನ್ನು ಮೇಲೆ ಕೆಳಗೆ ಬಿಡುವಿಲ್ಲದೆ ಮೀಟುತ್ತಾರೆ. ಡ್ರಮ್ಮಿನಲ್ಲಿ ಸ್ನೇರ್ ಮತ್ತು ಬಾಸ್ ಪೆಟ್ಟುಗಳು ಮೈಮೇಲೆ ಬಂದಂತೆ ಒಂದರ ಹಿಂದೊಂದು ಬೀಳುತ್ತವೆ. ಒಂದು ಹಂತ ದಾಟಿದ ಮೇಲೆ ಕಿವಿ ಪೆಟ್ಟುಗಳನ್ನು ಬಿಡಿಬಿಡಿಯಾಗಿ ಹಿಡಿಯುವುದನ್ನು ಬಿಟ್ಟುಬಿಡುತ್ತದೆ. ಆಗ ಕೇಳುವುದು ಅದರ ಅಡಿಯಲ್ಲಿ ನಿಧಾನಕ್ಕೆ ಬದಲಾಗುತ್ತಿರುವ ಸ್ವರಗಳ ಚಲನೆ. ಕೈ ಓಡುತ್ತಿರುತ್ತದೆ, ಹಾಡು ತೇಲುತ್ತಿರುತ್ತದೆ. ‘ಅಟ್ಮಾಸ್ಫೆರಿಕ್’ ಎಂದು ಕರೆಸಿಕೊಳ್ಳುವ ಬ್ಲ್ಯಾಕ್ ಮೆಟಲ್ ನಿಂತಿರುವುದು ಈ ತೇಲುವಿಕೆಯ ಮೇಲೆ. ಕಾತಾಯ್ ಅದರ ಮೇಲೆ ಸಿಂಥಸೈಜರ್, ಕಂಪ್ಯೂಟರಿನಲ್ಲಿ ಹೆಣೆದ ತಾಳ, ಜನಪದ ಧಾಟಿ, ಎಲೆಕ್ಟ್ರಾನಿಕ್ ಸದ್ದು ಎಲ್ಲವನ್ನೂ ತಂದಿಟ್ಟರು. ‘ಅವಾಂಗಾರ್ಡ್’ ಎಂಬ ಹಣೆಪಟ್ಟಿ ಬಂದದ್ದು ಅದರಿಂದ.

ಆಲ್ಬಂನಲ್ಲಿ ಒಂಬತ್ತು ಹಾಡುಗಳಿವೆ. ಅವುಗಳ ಹೆಸರುಗಳನ್ನು ಸುಮ್ಮನೆ ಸಾಲಾಗಿ ಓದಿದರೂ ಸಾಕು: ‘ನಿರವಯವ’, ‘ಅಣುಯಂತ್ರಗಳು’, ‘ಮಳೆಲಾಂದ್ರ’, ‘ಶರತ್ಕಾಲದ ಮಾಂತ್ರಿಕರು’ ಎಂಬ ಅರ್ಥದವು ಕೆಲವು, ಇನ್ನೊಂದಕ್ಕೆ ಜಿಗಿಹುಳು ಮತ್ತು ಕೆಂಪು ತಿಗಣೆಗಳ ಹೆಸರು. ರಸಾಯನಶಾಸ್ತ್ರದ ಪಾಠವೂ ಹಿತ್ತಲ ಆಟವೂ ಒಂದೇ ಹುಡುಗನ ತಲೆಯೊಳಗೆ ಇದ್ದಂತೆ. ಪ್ರಕಾರದ ಮಾಮೂಲಿ ದೆವ್ವ ಪಿಶಾಚಿಗಳಿಗೆ ಇಲ್ಲಿ ಜಾಗವೇ ಇಲ್ಲ.

‘ಊರ್ಹಾಯೋಕ್ ಮಾಕೋನ್’, ಅಂದರೆ ‘ಮಾಕೋದಲ್ಲಿ ಅಂತರಿಕ್ಷ ನೌಕೆಗಳು’ ಎಂಬ ಹಾಡು ನನಗೆ ತುಂಬ ಇಷ್ಟ. 1980ರ ಮೇ ತಿಂಗಳಲ್ಲಿ ಬೆರ್ತಲಾನ್ ಫರ್ಕಶ್ ಸೋವಿಯತ್ ಒಕ್ಕೂಟದ ಇಂಟರ್‌ಕಾಸ್ಮೋಸ್ ಯೋಜನೆಯಡಿ ಸೋಯುಜ್ ನೌಕೆಯೇರಿ ಹಂಗೇರಿಯ ಮೊದಲ ಗಗನಯಾತ್ರಿಯಾದರು. ಅದೇ ಯೋಜನೆಯಡಿ 1984ರಲ್ಲಿ ನಮ್ಮ ರಾಕೇಶ್ ಶರ್ಮಾ ಹೋಗಿಬಂದದ್ದು. ಆ ದಶಕದಲ್ಲಿ ಶಾಲೆಗೆ ಹೋಗುತ್ತಿದ್ದ ಮಕ್ಕಳಿಗೆ ಈರುಳ್ಳಿ ಹೊಲದ ಮೇಲಿನ ಆಕಾಶದಲ್ಲಿ ನೌಕೆ ಕಾಣಿಸುವುದು ದೊಡ್ಡ ವಿಷಯವೇನಲ್ಲ.

ಎರಡನೆಯ ಹಾಡು ‘ಮೊಲೆಕುಲಾರಿಶ್ ಗೇಪೆಜೆತೆಕ್’ 19 ನಿಮಿಷದ್ದು. ಹೊಸಬರು ಇದನ್ನು ಬಿಟ್ಟು ಮುಂದೆ ಹೋಗುತ್ತಾರೆ, ಹೋಗಬಾರದು. ಕಾರ್ಖಾನೆಯ ಯಂತ್ರ ಹೂಡಿದ ಹಾಗೆ ಡ್ರಮ್ಮುಗಳು ನುಗ್ಗುತ್ತವೆ. ಮನುಷ್ಯರ ಕೈ ಬಾರಿಸದ, ಲೆಕ್ಕ ತಪ್ಪದ ಪೆಟ್ಟುಗಳವು. ಬೇರೆ ತಂಡವಾಗಿದ್ದರೆ ಇದು ಬಡತನದ ಗುರುತಾಗುತ್ತಿತ್ತು. ಆದರೆ ಅಣುವಿನೊಳಗಿನ ಯಂತ್ರಗಳ ಬಗ್ಗೆ ಇರುವ ಹಾಡಿಗೆ ಇದಕ್ಕಿಂತ ತಕ್ಕ ಸದ್ದು ಬೇರೆ ಇಲ್ಲ. ಆಮೇಲೆ ಆ ಭೋರ್ಗರೆತ ಇಳಿದು ಸಿಂಥಸೈಜರಿನ ವಿಸ್ತಾರವಾದ ಮೌನಕ್ಕೆ ದಾರಿ ಬಿಡುತ್ತದೆ.

ಕಂಠದ ಕೆಲಸದಲ್ಲಿ ಅತಿಲಾ ಬಾಕೋಶ್ ಮತ್ತು ಆಗ್ನೆಶ್ ತೋತ್ ಜೊತೆಗೂಡಿದ್ದಾರೆ. ಚೀತ್ಕಾರದ ಪಕ್ಕದಲ್ಲೇ ತಿಳಿಯಾದ ದನಿ ಬಂದಾಗ ಹಂಗೇರಿಯ ಹಳ್ಳಿ ಹಾಡಿನ ಜಾಡು ಸಿಗುತ್ತದೆ. ಹಂಗೇರಿಯ ಸಂಗೀತಕಾರರಾದ ಬೇಲಾ ಬಾರ್ತೋಕ್ ಮತ್ತು ಜೊಲ್ತಾನ್ ಕೊದಾಯ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫೋನೋಗ್ರಾಫ್ ಹೊತ್ತು ಊರೂರು ಅಲೆದು ಹಿಡಿದಿಟ್ಟ ಹಳೆಯ ಹಾಡುಗಳಲ್ಲಿ ಬಹಳಷ್ಟು ಐದೇ ಸ್ವರದವು. ಶುದ್ಧ ಧನ್ಯಾಸಿ ರಾಗ ಬಲ್ಲ ಕಿವಿಗೆ ಆ ಸ್ವರಗಳು ಅಪರಿಚಿತವಲ್ಲ. ಬಾರ್ತೋಕ್ ಹುಟ್ಟಿದ ಊರು ಈಗ ಗಡಿಯಾಚೆ ರುಮೇನಿಯದಲ್ಲಿದ್ದರೂ ಮಾಕೋದಿಂದ ದೂರವೇನಿಲ್ಲ.

ತಂಡದ ಆರಂಭದ ಆಲ್ಬಂಗಳಲ್ಲಿ ಇಂಗ್ಲಿಷ್ ಹಾಡುಗಳೂ ಇದ್ದವು. 2004ರ ‘ತೂನೋ ಇದೋ ತಾರ್ಲತ್’ ಹೊತ್ತಿಗೆ ಹಂಗೇರಿಯನ್ ಮುಂದೆ ಬಂದಿತ್ತು. ಹೊರಗಿನ ಕೇಳುಗರು ಕಡಿಮೆಯಾಗುತ್ತಾರೆಂಬ ಹೆದರಿಕೆ ಇದ್ದವರು ಇಡುವ ಹೆಜ್ಜೆ ಇದಲ್ಲ. ಆದದ್ದು ಉಲ್ಟಾ: 2011ರ ‘ರೆಂಗೆತೆಗ್’ ಆಲ್ಬಂ ಅನ್ನು ಫ್ರಾನ್ಸಿನ ಸೀಸನ್ ಆಫ್ ಮಿಸ್ಟ್ ಸಂಸ್ಥೆ ಪ್ರಕಟಿಸಿತು, ಹೆಸರು ಯುರೋಪಿನಾಚೆಗೂ ಹೋಯಿತು. ಅಷ್ಟರಲ್ಲಿ ಯುಹಾಸ್ ಹೊರನಡೆದಿದ್ದರು. ಕಾತಾಯ್ ಸ್ಕಾಟ್ಲೆಂಡಿನ ಎಡಿನ್‌ಬರೊದಲ್ಲಿ ನೆಲೆಸಿ, ಹಲವು ಹಾಡುಗಾರರನ್ನೂ ವಾದ್ಯಗಾರರನ್ನೂ ಅತಿಥಿಗಳಾಗಿ ಕರೆದು, ಮನೆಯಲ್ಲೇ ಕೆಲಸ ಮುಂದುವರಿಸಿದರು. ವರ್ಷಗಳ ನಂತರ ಹಂಗೇರಿಗೆ ಮರಳಿದರು.

ಇಷ್ಟೂ ಕಾಲ ತಂಡ ಸ್ಟುಡಿಯೊದಿಂದ ಹೊರಗೆ ಬಂದದ್ದೇ ಇಲ್ಲ. 2021ರಲ್ಲಿ ಹಂಗೇರಿಯ ಫೆಕೆತೆ ಜಾಯ್ ಉತ್ಸವದಲ್ಲಿ ಮೊದಲ ಬಾರಿ ವೇದಿಕೆ ಹತ್ತಿತು. ಆ ಕಛೇರಿಯ ಧ್ವನಿಮುದ್ರಣ ‘ಮೆಜೊಲಿತ್’ ಎಂಬ ಹೆಸರಿನಲ್ಲಿ ಸಿಗುತ್ತದೆ. ‘ನರಿಯ ಹೊಟ್ಟೆಯ ರೇಡಿಯೊ’ ಕೇಳಿ ಮುಗಿಸಿದವರು ಅದನ್ನೂ, 2023ರ ‘ಆಲ್‌ಫ್ಯೋಲ್ದ್’ ಅನ್ನೂ ಕೇಳಬೇಕು. ಆಲ್‌ಫ್ಯೋಲ್ದ್ ಎಂಬುದು ಮಾಕೋ ಇರುವ ಆ ಮಹಾ ಬಯಲಿನ ಹೆಸರು.