ರಟ್ಟಿನ ಮನೆ ಸಾಗಿಬಂದ ದಾರಿ

ಡಿಸೆಂಬರ್ ಬಂತೆಂದರೆ ಅಮೆರಿಕದ ಕೆಲವು ಮನೆಗಳಲ್ಲಿ ಖಾಲಿಯಾದ ತಿಂಡಿ ಪೊಟ್ಟಣಗಳು ಕಸದ ಬುಟ್ಟಿ ಸೇರುವುದಿಲ್ಲ. ಅವುಗಳ ರಟ್ಟನ್ನು ಬಿಡಿಸಿ, ಚಪ್ಪಟೆ ಮಾಡಿ, ಮಕ್ಕಳ ಕೈಗೆ ಕತ್ತರಿ, ಅಂಟು ಕೊಡುತ್ತಾರೆ. ಸಂಜೆಯ ಹೊತ್ತಿಗೆ ಅಂಗೈಯಗಲದ ಒಂದು ಮನೆ ಎದ್ದು ನಿಂತಿರುತ್ತದೆ. ಮಾಡಿನ ಮೇಲೆ ಹಿಮದಂಥ ಬಿಳಿ ಪುಡಿ, ಕಿಟಕಿಗಳಿಗೆ ಬಣ್ಣದ ಕಾಗದ, ಒಳಗೊಂದು ಸಣ್ಣ ದೀಪ. ಇಂಥ ಹತ್ತಾರು ಮನೆಗಳನ್ನು ಕ್ರಿಸ್‌ಮಸ್ ಮರದ ಬುಡದಲ್ಲಿ ಜೋಡಿಸಿದರೆ ಒಂದು ಹಳ್ಳಿಯೇ ಸಿದ್ಧವಾಗುತ್ತದೆ. ‘ಪುಟ್ಸ್ ಮನೆ’ ಎಂದು ಇದಕ್ಕೆ ಹೆಸರು. ನೋಡಲು ಮಕ್ಕಳಾಟದಂತಿದ್ದರೂ ಈ ರಟ್ಟಿನ ಮನೆಯ ಹಿಂದೆ ಎರಡು ಸಾಗರಗಳನ್ನೂ ಎರಡು ಮಹಾಯುದ್ಧಗಳನ್ನೂ ದಾಟಿದ ಕಥೆಯಿದೆ.

ಜರ್ಮನ್ ಭಾಷೆಯ ‘ಪುಟ್ಸೆನ್’ ಎಂಬ ಕ್ರಿಯಾಪದಕ್ಕೆ ಶುಚಿಗೊಳಿಸು, ಸಿಂಗರಿಸು ಎಂಬ ಅರ್ಥಗಳಿವೆ. ಈ ಪದವನ್ನು ಅಮೆರಿಕದಲ್ಲಿ ನೆಲೆಗೊಳಿಸಿದವರಲ್ಲಿ ಮೊರೇವಿಯನ್ ಪಂಥದ ಕ್ರೈಸ್ತರು ಮುಖ್ಯರು. ಇಂದಿನ ಚೆಕ್ ದೇಶದ ಬೊಹೀಮಿಯಾ ಮತ್ತು ಮೊರೇವಿಯಾ ಪ್ರಾಂತಗಳಲ್ಲಿ ಹುಟ್ಟಿದ ಈ ಪಂಥ ಕಿರುಕುಳಕ್ಕೆ ಸಿಕ್ಕಿ ಚದುರಿಹೋಗಿತ್ತು. 1722ರಲ್ಲಿ ಅದರ ಕೆಲವು ಕುಟುಂಬಗಳು ಜರ್ಮನಿಯ ಸ್ಯಾಕ್ಸನಿಯಲ್ಲಿ ಕೌಂಟ್ ಜಿಂಜೆಂಡಾರ್ಫ್ ಎಂಬ ಶ್ರೀಮಂತನ ಜಮೀನಿನಲ್ಲಿ ಆಶ್ರಯ ಪಡೆದವು. ಅಲ್ಲಿಂದ ಹೊರಟ ಒಂದು ತಂಡ ಅಮೆರಿಕದ ಪೆನ್ಸಿಲ್ವೇನಿಯಾದ ಕಾಡಿನಲ್ಲಿ ಮರದ ದಿಮ್ಮಿಗಳ ಮನೆಯೊಂದನ್ನು ಕಟ್ಟಿಕೊಂಡಿತು. ಅದರ ಒಂದು ಭಾಗದಲ್ಲಿ ಜನ, ಇನ್ನೊಂದು ಭಾಗದಲ್ಲಿ ದನ. 1741ರ ಕ್ರಿಸ್‌ಮಸ್ ಹಿಂದಿನ ರಾತ್ರಿ ಜಿಂಜೆಂಡಾರ್ಫ್‌ನ ಸಮ್ಮುಖದಲ್ಲಿ ಅವರು ಅಲ್ಲಿ ಪ್ರಾರ್ಥನೆಗೆ ಸೇರಿದರು. ಕೊಟ್ಟಿಗೆ ಪಕ್ಕದಲ್ಲೇ ಇದ್ದುದರಿಂದ ಯೇಸುವಿನ ಜನ್ಮಸ್ಥಳ ನೆನಪಾಗಿ ಊರಿಗೆ ಬೆತ್ಲೆಹೆಮ್ ಎಂಬ ಹೆಸರೇ ನಿಂತಿತು.

ಈ ಜನರ ಮನೆಗಳಲ್ಲಿ ಕ್ರಿಸ್‌ಮಸ್ ಕಾಲಕ್ಕೆ ಮೇಜಿನ ಮೇಲೆ ಕಾಡಿನಿಂದ ತಂದ ಪಾಚಿ ಹರಡಿ, ಕಲ್ಲು, ಮರದ ಬೇರುಗಳಿಂದ ಗುಡ್ಡ ಮಾಡಿ, ನಡುವೆ ಕೊಟ್ಟಿಗೆ, ಬಾಲಯೇಸು, ಕುರುಬರು, ಕುರಿಗಳನ್ನು ಇಡುತ್ತಿದ್ದರು. ಅದೇ ‘ಪುಟ್ಸ್’. ಒಬ್ಬರ ಪುಟ್ಸ್ ನೋಡಲು ಇನ್ನೊಬ್ಬರು ಹೋಗುವುದು, ಬಂದವರಿಗೆ ತಿಂಡಿ ಕೊಡುವುದು ರೂಢಿಯಾಯಿತು. ದಸರೆಯಲ್ಲಿ ಗೊಂಬೆ ಕೂರಿಸಿ, ಓಣಿಯ ಮಕ್ಕಳನ್ನು ಕರೆದು ಆರತಿ ಮಾಡಿ, ಚರಪು ಹಂಚುವ ಮೈಸೂರಿನ ಮನೆಗಳಿಗೆ ಈ ಸಂಭ್ರಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಂಗಳೂರು ಕಡೆಯ ಕ್ರೈಸ್ತ ಮನೆಗಳಲ್ಲಿ ಮಕ್ಕಳು ಕೂಡಿ ಕಟ್ಟುವ ಗೋದಲಿಯೂ ಇದೇ ಜಾತಿಯದು.

ಕಾಲ ಸರಿದಂತೆ ಕೊಟ್ಟಿಗೆಯ ಸುತ್ತ ಮನೆಗಳು, ಬೇಲಿಗಳು, ಚರ್ಚುಗಳು ಸೇರಿ ಪುಟ್ಸ್ ಒಂದು ಹಳ್ಳಿಯ ರೂಪ ಪಡೆಯಿತು. ಇದಕ್ಕೆ ಬೇಕಾದ ಮರದ ಆಟಿಕೆಗಳು ಬರುತ್ತಿದ್ದುದು ಜರ್ಮನಿಯಿಂದ. 1879ರಲ್ಲಿ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್‌ನಲ್ಲಿ ವೂಲ್‌ವರ್ತ್ ಎಂಬ ವ್ಯಾಪಾರಿ ಯಾವ ಸಾಮಾನಿಗೂ ಐದು ಸೆಂಟು ಎಂಬ ಅಂಗಡಿ ತೆರೆದು ಯಶಸ್ವಿಯಾದ. ಮುಂದೆ ಐದು-ಹತ್ತು ಸೆಂಟಿನ ಇಂಥ ಅಂಗಡಿಗಳು ಊರೂರಿಗೂ ಹಬ್ಬಿ, ಹಬ್ಬದ ಅಲಂಕಾರ ಬಡವರ ಕೈಗೂ ಎಟುಕಿತು. ಆದರೆ 1914ರಲ್ಲಿ ಮೊದಲ ಮಹಾಯುದ್ಧ ಆರಂಭವಾಗಿ ಜರ್ಮನಿಯ ಹಡಗುಗಳ ದಾರಿ ಮುಚ್ಚಿತು. ಖಾಲಿಯಾದ ಆ ಜಾಗವನ್ನು ತುಂಬಿದ ದೇಶ ಜಪಾನ್.

ಕ್ರೈಸ್ತರು ಬಹಳ ಕಡಿಮೆ ಇದ್ದ ದೇಶವೊಂದು ಕ್ರಿಸ್‌ಮಸ್ ಹಳ್ಳಿಗಳನ್ನು ಕಟ್ಟತೊಡಗಿತು! ಆಗಿನ ಜಪಾನಿನ ಆಟಿಕೆ ಉದ್ಯಮ ಬಹುಮಟ್ಟಿಗೆ ಸಣ್ಣ ಕಾರ್ಖಾನೆಗಳನ್ನೂ ಮನೆಮಂದಿ ಬಿಡಿಲೆಕ್ಕದಲ್ಲಿ ಮಾಡುವ ಕೆಲಸವನ್ನೂ ನೆಚ್ಚಿಕೊಂಡಿತ್ತು. ನಮ್ಮಲ್ಲಿ ಮನೆಮನೆಗಳಲ್ಲಿ ಬೀಡಿ ಕಟ್ಟುವ, ಊದುಬತ್ತಿ ಹೊಸೆಯುವ ಕೆಲಸದಂತೆ. 1920ರ ದಶಕದ ಕೊನೆಯಿಂದ ಅಮೆರಿಕದ ಪೇಟೆಗೆ ರಟ್ಟಿನ ಮನೆಗಳು ಪೆಟ್ಟಿಗೆಗಟ್ಟಲೆ ಬಂದವು. ತೆಳು ರಟ್ಟನ್ನು ಕತ್ತರಿಸಿ, ಮಡಿಸಿ, ಅಂಟಿಸಿ, ಗಾಢ ಬಣ್ಣ ಹೊಡೆದು, ಮೇಲೆ ಅಭ್ರಕದ ಚೂರು ಅಥವಾ ಗಾಜಿನ ಪುಡಿ ಉದುರಿಸುತ್ತಿದ್ದರು. ಅಂಗಳದಲ್ಲಿ ನಿಂತ ಹಸಿರು ಮರವನ್ನು ಮುಟ್ಟಿ ನೋಡಿದರೆ ನಮಗೆ ಗುರುತು ಸಿಗುತ್ತದೆ: ಅದು ಒಣಗಿದ ಹೀರೆಕಾಯಿಯ ನಾರು. ನಮ್ಮ ಹಳ್ಳಿಗಳಲ್ಲಿ ಮೈ ಉಜ್ಜಲು ಬಳಸುವ ಅದೇ ನಾರಿಗೆ ಅವರು ಹಸಿರು ಬಣ್ಣ ಹಾಕಿ ಮರವೆಂದು ನಿಲ್ಲಿಸಿದ್ದರು.

ಮನೆಯ ಹಿಂಗೋಡೆಯಲ್ಲಿ ಒಂದು ದುಂಡು ತೂತು ಇರುತ್ತಿತ್ತು. ಅದರಲ್ಲಿ ವಿದ್ಯುದ್ದೀಪದ ಸರದ ಒಂದು ಬಲ್ಬನ್ನು ತೂರಿಸಿದರೆ ಬಣ್ಣದ ಕಿಟಕಿಗಳೆಲ್ಲ ಬೆಳಗುತ್ತಿದ್ದವು. ಆ ಕಾಲದ ಸರಗಳಲ್ಲಿ 15 ವೋಲ್ಟಿನ 8 ಬಲ್ಬುಗಳನ್ನು ಒಂದರ ಹಿಂದೆ ಒಂದು ಜೋಡಿಸುತ್ತಿದ್ದರು. ಎಲ್ಲ ಸೇರಿದರೆ 120 ವೋಲ್ಟ್, ಅಂದರೆ ಅಲ್ಲಿನ ಮನೆಗಳ ವಿದ್ಯುತ್ತಿಗೆ ಸರಿಹೊಂದುವ ಲೆಕ್ಕ. ಒಂದು ಬಲ್ಬು ಸುಟ್ಟರೆ ಇಡೀ ಹಳ್ಳಿಗೆ ಕತ್ತಲು. ಹಬ್ಬದ ದಿನ ‘ಸೀರಿಯಲ್ ಸೆಟ್’ ಕೈಕೊಟ್ಟಾಗ ಒಂದೊಂದೇ ಬಲ್ಬನ್ನು ತಿರುಗಿಸಿ ನೋಡಿದವರಿಗೆ ಈ ಪಾಡು ಗೊತ್ತಿರುತ್ತದೆ.

ಮನೆಯ ತಳದಲ್ಲಿ ‘ಜಪಾನ್’ ಎಂಬ ಮುದ್ರೆ. ಹೊರದೇಶದ ಸರಕಿನ ಮೇಲೆ ದೇಶದ ಹೆಸರು ಇರಬೇಕೆಂದು ಅಮೆರಿಕದ 1890ರ ಸುಂಕದ ಕಾನೂನು ವಿಧಿಸಿತ್ತು. ಆ ಒಂದು ಪದ ಮುಂದೆ ಭಾರವಾಯಿತು. 1937ರಲ್ಲಿ ಜಪಾನ್ ಚೀನಾದ ಮೇಲೆ ಯುದ್ಧ ಹೂಡಿದಾಗ ಅದರ ಸರಕನ್ನು ಕೊಳ್ಳಬೇಡಿ ಎಂಬ ಕೂಗು ಅಮೆರಿಕದಲ್ಲಿ ಎದ್ದಿತು. 1941ರ ಜುಲೈಯಲ್ಲಿ ಜಪಾನಿನ ಆಸ್ತಿಯನ್ನು ಅಮೆರಿಕ ತಡೆಹಿಡಿದ ಮೇಲೆ ವ್ಯಾಪಾರವೇ ನಿಂತಿತು. ಅದೇ ಡಿಸೆಂಬರ್ 7ರಂದು ಪರ್ಲ್ ಹಾರ್ಬರ್ ಮೇಲೆ ಬಾಂಬು ಬಿತ್ತು. ಕ್ರಿಸ್‌ಮಸ್‌ಗೆ ಇನ್ನು 18 ದಿನ ಉಳಿದಿತ್ತು. ಆ ವರ್ಷ ಮರದ ಬುಡದಲ್ಲಿ ಹಳ್ಳಿ ಜೋಡಿಸಬೇಕಾದವರ ಕೈಯಲ್ಲಿ ಇದ್ದದ್ದು ಶತ್ರುದೇಶದವರು ಮಡಿಸಿದ ಮನೆ.

ಯುದ್ಧ ಮುಗಿದು ಜಪಾನ್ ಮಿತ್ರಪಡೆಗಳ ಆಡಳಿತದಲ್ಲಿದ್ದ ವರ್ಷಗಳಲ್ಲಿ, ಅಂದರೆ 1952ರವರೆಗೆ, ಅಲ್ಲಿಂದ ಬಂದ ಎಷ್ಟೋ ಸರಕಿನ ಮೇಲೆ ‘ಆಕ್ರಮಿತ ಜಪಾನ್’ ಎಂಬ ಮುದ್ರೆಯಿತ್ತು. ರಟ್ಟಿನ ಮನೆಗಳು ಮತ್ತೆ ಬಂದರೂ ಹಳೆಯ ಸೊಗಸು ಇರಲಿಲ್ಲ. ಅಷ್ಟರಲ್ಲಿ ಪ್ಲಾಸ್ಟಿಕ್ ಬಂದಿತ್ತು. ಒದ್ದೆಯಾದರೆ ಮುದುಡುವ, ಬಲ್ಬಿನ ಶಾಖಕ್ಕೆ ಕಂದುವ ರಟ್ಟನ್ನು ಯಾರು ಜೋಪಾನ ಮಾಡುತ್ತಾರೆ? ಬಹುಪಾಲು ಮನೆಗಳು ಕಸವಾದವು. ಅಟ್ಟದ ಮೇಲೆ ಹೇಗೋ ಉಳಿದ ಕೆಲವನ್ನು ಇಂದು ಸಂಗ್ರಾಹಕರು ಹುಡುಕಿ ಕೊಳ್ಳುತ್ತಾರೆ.

ಆದರೆ ಆ ಕಲೆ ಉಳಿದಿರುವುದು ಸಂಗ್ರಾಹಕರ ಕಪಾಟಿಗಿಂತ ಹೆಚ್ಚಾಗಿ ಮಕ್ಕಳ ಕೈಯಲ್ಲಿ. ಅದಕ್ಕೆ ಬೇಕಾದ್ದು ಬಿಸ್ಕತ್ತಿನ ಪೊಟ್ಟಣದ ರಟ್ಟು, ಸ್ಕೇಲು, ಅಂಟು. ನಾಲ್ಕು ಗೋಡೆಗಳನ್ನು ಒಂದೇ ಪಟ್ಟಿಯಾಗಿ ಬರೆದು, ಅಂಟಿಸಲು ಕೊನೆಗೊಂದು ಸಣ್ಣ ಅಂಚು ಬಿಡಬೇಕು. ಎದುರುಬದುರಿನ ಎರಡು ಗೋಡೆಗಳ ತಲೆ ತ್ರಿಕೋನವಾದರೆ ಮಾಡು ಇಳಿಜಾರಾಗುತ್ತದೆ. ಮಡಿಸುವ ಗೆರೆಗಳ ಮೇಲೆ ರೀಫಿಲ್ ಮುಗಿದ ಬಾಲ್‌ಪೆನ್ನನ್ನು ಒತ್ತಿ ಎಳೆದರೆ ರಟ್ಟು ಸೀಳದೆ ನೇರ ಮಡಿಯುತ್ತದೆ. ಕಿಟಕಿಗಳನ್ನೂ ಹಿಂದಿನ ತೂತನ್ನೂ ರಟ್ಟು ಚಪ್ಪಟೆಯಾಗಿರುವಾಗಲೇ ಕೊರೆಯಬೇಕು. ಬ್ಲೇಡಿನ ಆ ಕೆಲಸ ದೊಡ್ಡವರದು. ಒಳಗಿನಿಂದ ಜಿಲೆಟಿನ್ ಕಾಗದ ಅಂಟಿಸಿ, ಆಮೇಲೆ ಗೋಡೆ ಎಬ್ಬಿಸಿ, ಗೋಡೆಗಿಂತ ತುಸು ಚಾಚಿದ ಮಾಡು ಕೂರಿಸಿದರೆ ಮನೆ ಮುಗಿಯಿತು. ಒಳಗೆ ಬ್ಯಾಟರಿಯ ಪುಟ್ಟ ಎಲ್‌ಇಡಿ ದೀಪ ಸಾಕು. ರಟ್ಟಿನೊಳಗೆ ಮೇಣದ ಬತ್ತಿಯನ್ನಾಗಲಿ ಬಿಸಿಯೇರುವ ಬಲ್ಬನ್ನಾಗಲಿ ಇಡಲೇಬಾರದು.

ಚಪ್ಪಟೆ ಹಾಳೆಯೊಂದು ಹೇಗೆ ನಾಲ್ಕು ಮೂಲೆಯ ಮನೆಯಾಗುತ್ತದೆ ಎಂಬ ರೇಖಾಗಣಿತವನ್ನು ಮಗು ಇಲ್ಲಿ ಕೈಯಿಂದಲೇ ಕಲಿಯುತ್ತದೆ. ಗೋಡೆ ಸೊಟ್ಟಗಾದರೂ ಚಿಂತೆಯಿಲ್ಲ. ದೀಪ ಹಚ್ಚಿದ ಮೇಲೆ ಕಣ್ಣಿಗೆ ಬೀಳುವುದು ಕಿಟಕಿಯೇ. ಮನೆಮಂದಿ ಕೂಡಿ ಕಟ್ಟುತ್ತಿದ್ದ ಪುಟ್ಸ್ ಅಂಗಡಿಗೆ ಹೋಗಿ, ಸಾಗರ ದಾಟಿ ಬಂದು, ಯುದ್ಧದಲ್ಲಿ ಕಳೆದು, ಮತ್ತೆ ಮನೆಯ ಮೇಜಿಗೇ ಮರಳಿದೆ. ಹಳೆಯ ಮನೆಗಳ ತಳದಲ್ಲಿ ಒಂದು ದೇಶದ ಹೆಸರಿತ್ತು, ಅವನ್ನು ಮಡಿಸಿದವರ ಹೆಸರಿರಲಿಲ್ಲ. ಇಂದಿನ ಮನೆಯ ತಳದಲ್ಲಿ ಮಗು ತನ್ನ ಹೆಸರನ್ನೂ ವರ್ಷವನ್ನೂ ಬರೆಯಬಹುದು.