ಹೆಸರು ಕಳಕೊಂಡ ಮೈಸೂರು ಹುಳು

ಬ್ಯಾಡಗಿ ಮೆಣಸಿನಕಾಯಿ ಯಾರ್ಡಿನಲ್ಲಿ ನಿಂತು ಡಬ್ಬಿ, ಕಡ್ಡಿ, ಗುಂಟೂರು ಮೂರೂ ಒಂದೇ ಎಂದು ಹೇಳಿ ನೋಡಿ. ಸಸ್ಯಶಾಸ್ತ್ರದ ಪ್ರಕಾರ ಮಾತು ನಿಜ, ಮೂರೂ ಕ್ಯಾಪ್ಸಿಕಂ ಆನಮ್. ಆದರೆ ದಲಾಲಿ ಅಂಗಡಿಯವರು ‘ಏನ್ರಿ, ತಲಿ ನೆಟ್ಟಗೈತಿಲ್ರಿ?’ ಎಂದು ಕೇಳದೆ ಬಿಡುವುದಿಲ್ಲ. ನಿರಿಗೆಗಟ್ಟಿದ ಕಡುಗೆಂಪು ಡಬ್ಬಿಯನ್ನೂ ಖಾರದ ಗುಂಟೂರನ್ನೂ ಒಂದೇ ರಾಶಿಗೆ ಸುರಿಯುವ ಧೈರ್ಯ ಅಲ್ಲಿ ಯಾರಿಗೂ ಇಲ್ಲ. ಇದೇ ಜಗಳ ರೇಷ್ಮೆ ಹುಳುವಿನ ವಿಷಯದಲ್ಲಿ 19ನೇ ಶತಮಾನದಲ್ಲಿ ಜೋರಾಗಿ ನಡೆದಿತ್ತು. ಅದರೊಳಗೆ ನಮ್ಮ ಮೈಸೂರು ಹುಳುವೂ ಸಿಕ್ಕಿಕೊಂಡಿತ್ತು, ಹೊರಬರುವಾಗ ತನ್ನದೆಂದು ಸಿಕ್ಕಿದ್ದ ಹೆಸರನ್ನು ಕಳಕೊಂಡಿತು.

ಮೊದಲಿಗೆ ಎಲ್ಲ ಒಂದೇ ಬುಟ್ಟಿಯಲ್ಲಿದ್ದವು. 1758ರಲ್ಲಿ ಸ್ವೀಡನ್ನಿನ ಲಿನೇಯಸ್ ಪ್ರಾಣಿಗಳಿಗೆ ಜೋಡಿ ಹೆಸರು ಕೊಡುತ್ತ ಕೂತಾಗ ಬಹುತೇಕ ಪತಂಗಗಳನ್ನು ‘ಫಲೀನಾ’ ಎಂಬ ಒಂದೇ ಕುಲಕ್ಕೆ ತುರುಕಿದ. ಹಿಪ್ಪುನೇರಳೆ ತಿನ್ನುವ ಮೋರಿ, ಅಂಗೈ ಮೀರುವ ಅಟ್ಲಾಸ್, ಟಸ್ಸಾರಿನ ಪಾಫಿಯಾ ಎಲ್ಲವೂ ಅಲ್ಲೇ. ಆಮೇಲೆ ಬಂದವರು ಬುಟ್ಟಿಯನ್ನು ಒಡೆಯುತ್ತ ಹೋದರು. ಆ ಒಡೆಯುವಿಕೆಯ ಕಥೆಯ ಬಹುಭಾಗ ಗುಂಡುಸೂಜಿ, ರೆಕ್ಕೆಯ ನರ, ಮೀಸೆಯ ಆಕಾರಗಳ ಒಣ ಲೆಕ್ಕ. ಓದಿ ಮುಗಿಸುವಷ್ಟು ತಾಳ್ಮೆ ನನಗಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಒಬ್ಬನೇ: ಮಸ್ಸೂರಿಯ ಕ್ಯಾಪ್ಟನ್ ಥಾಮಸ್ ಹಟನ್.

ಹಟನ್ ಬಂಗಾಳ ಸೇನೆಯವನು. ಮಸ್ಸೂರಿಯಲ್ಲಿ ನೆಲೆಸಿ ಹುಳು ಸಾಕುವುದನ್ನೇ ಬದುಕು ಮಾಡಿಕೊಂಡ. ಅಲ್ಲಿನ ಕಾಡು ಹಿಪ್ಪುನೇರಳೆಯ ಮೇಲೆ ಬದುಕುವ ರೇಷ್ಮೆಯ ದಾಯಾದಿಯೊಂದಕ್ಕೆ 1847ರಲ್ಲಿ ಇಂಗ್ಲೆಂಡಿನ ಕೀಟತಜ್ಞ ವೆಸ್ಟ್‌ವುಡ್ ಇವನ ಹೆಸರನ್ನೇ ಇಟ್ಟ. ಅದು ‘ಹಟ್ಟೋನಿ’. ಲಂಡನ್ನಿನ ಪಂಡಿತರಿಗೂ ಹಟನ್‌ಗೂ ಇದ್ದ ವ್ಯತ್ಯಾಸ ಇಷ್ಟೇ, ಅವರ ಕೈಗೆ ಬರುತ್ತಿದ್ದುದು ಒಣಗಿದ ಚಿಟ್ಟೆ, ಇವನ ಮುಂದೆ ಇದ್ದುದು ಸೊಪ್ಪು ಮೇಯುವ ಹುಳು. ವರ್ಷಕ್ಕೆ ಒಂದೇ ಬೆಳೆ ಕೊಡುವ ಹುಳು, ವರ್ಷವಿಡೀ ಸಾಲುಸಾಲು ಬೆಳೆ ಕೊಡುವ ಹುಳು ಒಂದೇ ಹೇಗಾದಾವು ಎಂಬುದು ಅವನ ಪ್ರಶ್ನೆ. ಬಂಗಾಳದ ದೊಡ್ಡ ಹುಳುವಿಗೆ ಟೆಕ್ಸ್‌ಟರ್, ನಿಸ್ತಾರಿ ತಳಿಗೆ ಕ್ರೀಸಿ, ದೇಸಿ ತಳಿಗೆ ಫಾರ್ಚುನೇಟಸ್, ಇನ್ನೆರಡಕ್ಕೆ ಸೈನೆನ್ಸಿಸ್, ಅರಕಾನೆನ್ಸಿಸ್ ಎಂದು ಹೆಸರು ಹಂಚಿದ. ಮೋರಿ ಸೇರಿ ಆರು ಪ್ರಭೇದ. 1868ರಲ್ಲಿ ಡಾರ್ವಿನ್ ಸಾಕುಪ್ರಾಣಿಗಳ ಮೇಲೆ ಬರೆದ ದೊಡ್ಡ ಗ್ರಂಥದಲ್ಲಿ ರೇಷ್ಮೆ ಹುಳುವಿನ ಮಾತು ಬಂದಾಗ ಹಟನ್ನನ ಈ ಆರರ ಲೆಕ್ಕವನ್ನೂ ಗಮನಿಸಿದ.

ಹಟನ್‌ಗೆ ಇನ್ನೊಂದು ಹುಚ್ಚಿತ್ತು. ಬಿಳಿ ಹುಳುಗಳ ನಡುವೆ ಆಗೊಮ್ಮೆ ಈಗೊಮ್ಮೆ ಕಪ್ಪು ಹುಳು ಹುಟ್ಟುತ್ತದಲ್ಲ, ಅದೇ ಮೂಲ ಹುಳು, ಬಿಳಿಯದು ಸಾಕಣೆಯಲ್ಲಿ ನಿತ್ರಾಣಗೊಂಡದ್ದು ಎಂದು ಅವನು ನಂಬಿದ್ದ. ಕಪ್ಪು ಹುಳುಗಳನ್ನೇ ಆರಿಸಿ ಆರಿಸಿ ತಳಿ ಎತ್ತಿದರೆ ಹಳೆಯ ಕಸುವು ಮರಳುತ್ತದೆ ಎಂಬುದು ಅವನ ಹಟ. ಯುರೋಪಿನ ರೇಷ್ಮೆ ಆಗ ಗಂಟು ರೋಗಕ್ಕೆ ಸಿಕ್ಕಿ ನೆಲಕಚ್ಚಿತ್ತು, ಹಾಗಾಗಿ ಇಂಥ ಮಾತಿಗೆ ಕೇಳುಗರಿದ್ದರು. ಅದೇ ಹೊತ್ತಿಗೆ, 1865ರಿಂದ, ಫ್ರಾನ್ಸಿನಲ್ಲಿ ಲೂಯಿ ಪಾಶ್ಚರ್ ಬೇರೆಯೇ ದಾರಿ ಹಿಡಿದಿದ್ದ. ರೋಗ ತಾಯಿಯ ಮೊಟ್ಟೆಯ ಮೂಲಕ ಇಳಿಯುತ್ತದೆ, ಮೊಟ್ಟೆ ಇಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗ ಕಂಡರೆ ಆ ಮೊಟ್ಟೆಗಳನ್ನು ಸುಟ್ಟುಬಿಡಿ ಎಂದ. ಇವತ್ತಿಗೂ ರೇಷ್ಮೆ ಮೊಟ್ಟೆ ತಯಾರಿಸುವ ನಮ್ಮ ಬಿತ್ತನೆ ಕೋಠಿಗಳಲ್ಲಿ ನಡೆಯುವುದು ಪಾಶ್ಚರನ ಆ ತಾಯಿಚಿಟ್ಟೆ ಪರೀಕ್ಷೆಯೇ. ಹಟನ್ನನ ಕಪ್ಪು ಹುಳುವನ್ನು ಯಾರೂ ಕೇಳಲಿಲ್ಲ.

ಆದರೂ ಪ್ರಭೇದ ಹಂಚುವ ಚಾಳಿ ಉಳಿಯಿತು. ಕಲ್ಕತ್ತದ ಇಂಡಿಯನ್ ಮ್ಯೂಸಿಯಂನಲ್ಲಿದ್ದ ಜೇಮ್ಸ್ ವುಡ್-ಮೇಸನ್, ಮೈಸೂರು, ಕೊಳ್ಳೇಗಾಲ ಸೀಮೆಯ ಹುಳು ಬಂಗಾಳದ ಯಾವುದರಂತೆಯೂ ಇಲ್ಲವೆಂದು ಅದಕ್ಕೆ ‘ಬಾಂಬಿಕ್ಸ್ ಮೆರಿಡಿಯೊನಾಲಿಸ್’ ಎಂಬ ಸ್ವತಂತ್ರ ಪಟ್ಟ ಕಟ್ಟಿದ. ಟಿಪ್ಪುವಿನ ಕಾಲದಲ್ಲಿ ಬಂಗಾಳದಿಂದ ತರಿಸಿದ ಹುಳು ಎಂದು ನಾವು ಶಾಲೆಯಲ್ಲಿ ಓದಿದ್ದೇವೆ. ನೂರು ವರ್ಷ ದಕ್ಷಿಣದ ಬಿಸಿಲು ಉಂಡ ಮೇಲೆ ಅದು ತನ್ನದೇ ಜಾತಿ ಎನಿಸುವಷ್ಟು ಬದಲಾಗಿತ್ತು ಎನ್ನುವುದಕ್ಕೆ ಈ ಪಟ್ಟವೇ ಸಾಕ್ಷಿ. ನೀಲಗಿರಿಯಲ್ಲಿ ಚಹಾ ತೋಟ ನೋಡಿಕೊಂಡಿದ್ದು ಆಮೇಲೆ ಬ್ರಿಟಿಷ್ ಮ್ಯೂಸಿಯಂ ಸೇರಿದ ಜಾರ್ಜ್ ಹ್ಯಾಂಪ್ಸನ್ 1892ರಲ್ಲಿ ಭಾರತದ ಪತಂಗಗಳ ಮೊದಲ ಸಂಪುಟ ತಂದ. ಕ್ರಮೇಣ ಸಾಕಿದ ಹುಳುಗಳ ಪ್ರಭೇದಗಳೆಲ್ಲ ಮೋರಿಯ ಅಡಿಯಲ್ಲಿ ಸಮಾನಾರ್ಥಕ ಪದಗಳಾಗಿ ಮುದುಡಿಕೊಂಡವು. ಮೆರಿಡಿಯೊನಾಲಿಸ್ ಕೂಡ.

ಆ ತೀರ್ಪಿನ ಮೇಲೆ ಮುದ್ರೆ ಒತ್ತಿದ್ದು ಜಪಾನಿನ ತೊಯಾಮ ಕಮೆತಾರೊ. ಸಯಾಮಿನ ಹುಳುವಿಗೂ ಜಪಾನಿನ ಹುಳುವಿಗೂ ಮಿಶ್ರ ಮಾಡಿ, ಮೆಂಡೆಲ್ ಬಟಾಣಿಯಲ್ಲಿ ಕಂಡ ನಿಯಮ ಹುಳುವಿನಲ್ಲೂ ನಡೆಯುತ್ತದೆಂದು 1906ರಲ್ಲಿ ತೋರಿಸಿದ. ಬೆರೆತು ಹುಟ್ಟಿದ ಮರಿಗಳು ಮತ್ತೆ ಸಂತಾನ ಕೊಡುತ್ತವೆ ಎಂದಮೇಲೆ ಎರಡು ಪ್ರಭೇದ ಎಲ್ಲಿಯದು? ಹಟನ್ ಪೂರ್ತಿ ಸೋತ.

ಪೂರ್ತಿ ಅಂದೆನಾ? ಅಲ್ಲೇ ನನಗೆ ತಕರಾರು. ಮೊಟ್ಟೆ ಹಾಳೆಯೊಂದನ್ನು ಹತ್ತಿರ ಹಿಡಿದು ನೋಡಿ. ಬೈವೋಲ್ಟೈನ್, ಅಂದರೆ ವರ್ಷಕ್ಕೆ ಎರಡು ಬೆಳೆಯ ತಳಿಯ, ತಾಯಿ ಇಟ್ಟ ಮೊಟ್ಟೆ ಎರಡು ಮೂರು ದಿನದಲ್ಲಿ ಹಳದಿಯಿಂದ ಕಂದು ತಿರುಗಿ ನಿದ್ದೆಗೆ ಜಾರುತ್ತದೆ. ತಂಪಿನಲ್ಲಿ ಇಡದೆ, ಇಲ್ಲವೇ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದದೆ ಏಳುವುದಿಲ್ಲ. ಮೈಸೂರು ತಾಯಿಯ ಮೊಟ್ಟೆ ಹಳದಿಯಾಗಿಯೇ ಇದ್ದು ಸುಮಾರು ಹತ್ತು ದಿನಕ್ಕೆ ಒಡೆದು ಮರಿ ಹೊರಬರುತ್ತದೆ. ಇದನ್ನು ನಿರ್ಧರಿಸುವುದು ತಂದೆಯಲ್ಲ, ತಾಯಿ ಮಾತ್ರ. ಮೊಟ್ಟೆಯ ಗುಣ ತಾಯಿ ಕಡೆಯಿಂದ ಬರುವುದರ ಬಗ್ಗೆ ಬರೆದವನೂ ಅದೇ ತೊಯಾಮ, 1913ರಲ್ಲಿ. ಹಟನ್ ಪ್ರಭೇದವೆಂದು ಬೆರಳು ತೋರಿಸಿದ್ದು ನಿಜಕ್ಕೂ ತಾಯಿಯ ಈ ಗುಣಕ್ಕೆ. ಹೆಸರಿನಲ್ಲಿ ತಪ್ಪಿದ, ನೋಟದಲ್ಲಿ ತಪ್ಪಲಿಲ್ಲ.

ಮೈಸೂರು ಸಂಸ್ಥಾನದವರು ಇದನ್ನು ಪುಸ್ತಕದ ಜಗಳವಾಗಿ ಬಿಡದೆ ದುಡಿಸಿಕೊಂಡರು. 1914ರಲ್ಲಿ ಚನ್ನಪಟ್ಟಣದ ಬಿತ್ತನೆ ಕೋಠಿ ಶುರುವಾಯಿತು. ಮುಂದಿನ ದಶಕದಲ್ಲಿ ಮೈಸೂರು ಹೆಣ್ಣಿಗೆ ಹೊರಗಿನ ಗಂಡನ್ನು ಕೂಡಿಸಿದ ಸಿ.ಬಿ. (ಕ್ರಾಸ್ ಬ್ರೀಡ್) ಮೊಟ್ಟೆ ರೈತರ ಮನೆಗೆ ಬಂತು. ತಾಯಿ ಮೈಸೂರಿನವಳಾದ್ದರಿಂದ ಮೊಟ್ಟೆಗೆ ಆಮ್ಲದ ಗೊಡವೆಯಿಲ್ಲ, ಬಿಸಿಲಿಗೂ ರೋಗಕ್ಕೂ ತಡೆಯುವ ಮೈಯಿದೆ, ಗೂಡಿಗೆ ಅವಳ ಹಳದಿ ಬಣ್ಣವಿದೆ. ತಂದೆಯಿಂದ ನೂಲಿನ ಉದ್ದ. ಎರಡೂ ಒಂದೇ ಪ್ರಭೇದ ಎಂದು ಸಾಬೀತು ಮಾಡಿದ ಬೆರಕೆಯೇ, ಎರಡೂ ಬೇರೆ ಬೇರೆಯಾಗಿ ಉಳಿದರೆ ಮಾತ್ರ ನಡೆಯುವ ಉದ್ಯೋಗವೂ ಆಯಿತು. ಹೆಣ್ಣು ಗಂಡಿನ ಗೆರೆ ಬೇರೆ ಇಡುವುದು ಎಂದರೆ ಏನೆಂದು ರಾಣೆಬೆನ್ನೂರಿನವರಿಗೆ ಹೇಳಿಕೊಡಬೇಕಿಲ್ಲ. ಹೈಬ್ರಿಡ್ ಬೀಜೋತ್ಪಾದನೆಯೇ ಆ ಸೀಮೆಯ ಕಸುಬು.

ಬ್ಯಾಡಗಿಯಾಗಲಿ ರಾಣೆಬೆನ್ನೂರಾಗಲಿ ಆಗ ಮೈಸೂರು ಸಂಸ್ಥಾನದಲ್ಲಿ ಇರಲಿಲ್ಲ. ಧಾರವಾಡ ಜಿಲ್ಲೆಯೊಂದಿಗೆ ಮುಂಬೈ ಪ್ರಾಂತ್ಯದಲ್ಲಿದ್ದವು. ಕುಮಾರಪಟ್ಟಣದಿಂದ ತುಂಗಭದ್ರೆ ದಾಟಿ ಹರಿಹರಕ್ಕೆ ಹೋದರೆ ಬೇರೆ ಸರ್ಕಾರ. ಹೊಳೆಯ ಆಚೆ ರೇಷ್ಮೆಗೆ ಇಲಾಖೆಯೇ ಇದ್ದ ಕಾಲದಲ್ಲಿ ಈಚೆ ಹತ್ತಿ, ಜೋಳ, ಮೆಣಸಿನಕಾಯಿ. 1956ರ ಏಕೀಕರಣ, 1980ರಲ್ಲಿ ವಿಶ್ವಬ್ಯಾಂಕ್ ಸಾಲದ ರೇಷ್ಮೆ ಯೋಜನೆ, ಇವೆಲ್ಲ ಆದಮೇಲೆ ಹಿಪ್ಪುನೇರಳೆ ಉತ್ತರಕ್ಕೆ ಹಬ್ಬಿತು. ಈಗ ಹುಳು ಪೊರೆ ಬಿಡಲು ಎರಡನೇ ಜ್ವರಕ್ಕೆ ಕೂತಿದೆ, ಹಣ್ಣಾಗಿದೆ, ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು ಎಂಬ ಮಾತು ಇಲ್ಲಿಯ ಮನೆಗಳಲ್ಲೂ ಕೇಳುತ್ತದೆ, ಗೂಡಿನ ಚೀಲ ರಾಮನಗರದ ಮಾರುಕಟ್ಟೆವರೆಗೂ ಹೋಗುತ್ತದೆ.

ಹುಳುವಿನ ನೆಂಟರು ಮಾತ್ರ ಈ ಊರುಗಳಿಗೆ ಹೊಸಬರಲ್ಲ. ಅರಳಿ, ಆಲ, ಅತ್ತಿ ಹಿಪ್ಪುನೇರಳೆಯ ಕುಟುಂಬದ ಮರಗಳೇ. ಅವುಗಳ ಎಲೆ ತಿನ್ನುವ, ತೊಗಟೆ ಬಣ್ಣದ ಸಣ್ಣ ಹುಳುವೊಂದಿದೆ, ಎಲೆಗೆ ಅಂಟಿಸಿ ಪುಟ್ಟ ಹಳದಿ ಗೂಡು ಕಟ್ಟುತ್ತದೆ. 1855ರಲ್ಲಿ ಫ್ರಾನ್ಸಿಸ್ ವಾಕರ್ ಅದನ್ನು ನಪ್ರೀಪಾ ಎಂದ, ಹ್ಯಾಂಪ್ಸನ್ ಕಾಲಕ್ಕೆ ಓಸಿನಾರಾ ಆಯಿತು, ಈಗ ಟ್ರೈಲೋಕಾ ವೇರಿಯನ್ಸ್. ಟಸ್ಸಾರ್, ಎರಿ ಹುಳುಗಳು ರೇಷ್ಮೆಯ ಹೆಸರು ಹೊತ್ತಿದ್ದರೂ ಸ್ಯಾಟರ್ನಿಡೇ ಎಂಬ ಬೇರೆ ಕುಟುಂಬಕ್ಕೆ ಸೇರಿದವು. ಹಿಪ್ಪುನೇರಳೆ ಹುಳುವಿನ ಸ್ವಂತ ಕುಟುಂಬದವನು ಅರಳಿ ಮರದ ಈ ಪುಡಿಗಳ್ಳ. ಜಪಾನಿನ ಪ್ರಯೋಗಾಲಯಗಳಲ್ಲಿ ರೇಷ್ಮೆ ಹುಳುವಿನ ಪಕ್ಕದಲ್ಲಿಟ್ಟು ಅದರ ಜೀನುಗಳನ್ನು ಓದುತ್ತಾರೆ. ನಮ್ಮಲ್ಲಿ ಕಚೇರಿಯ ಅಲಂಕಾರದ ಫೈಕಸ್ ಗಿಡಕ್ಕೆ ಅದು ಬಿದ್ದರೆ ಔಷಧ ಹೊಡೆಸುತ್ತಾರೆ.

ಸಿಟ್ಟು ಬರುವುದು ಮೈಸೂರು ತಾಯಿಯ ವಿಷಯಕ್ಕೆ. ಅವಳ ನೂಲು ನಾನೂರು ಮೀಟರ್ ದಾಟುವುದೂ ಕಷ್ಟ, ಬೈವೋಲ್ಟೈನಿನದು ಸಾವಿರದ ಆಸುಪಾಸು. ಸ್ವಯಂಚಾಲಿತ ಯಂತ್ರಗಳಿಗೆ ಬೇಕಿರುವುದು ಬಿಳಿ ಗೂಡು, ದರವೂ ಅದಕ್ಕೇ ಹೆಚ್ಚು. ರೈತ ಅತ್ತ ವಾಲಿದರೆ ಅವನನ್ನು ಅನ್ನುವಂತಿಲ್ಲ. ಅನ್ನಬೇಕಾದದ್ದು, ಎರಡು ಶತಮಾನ ಇಲ್ಲಿಯ ಸೆಕೆಯಲ್ಲಿ ಪಳಗಿದ ತಳಿಯನ್ನು ಮಾಗಡಿ, ಕುಣಿಗಲ್ ಸೀಮೆಯ ಬಿತ್ತನೆ ಗೂಡಿನ ಬೆಳೆಗಾರರ ಹೆಗಲ ಮೇಲೆ ಹಾಕಿ ಸುಮ್ಮನಿರುವವರನ್ನು. ವುಡ್-ಮೇಸನ್ ಕೊಟ್ಟ ಹೆಸರಂತೂ ಹೋಯಿತು. ಮಿಶ್ರತಳಿ ಮೊಟ್ಟೆ ಹಾಳೆಯ ಚೀಟಿಯಲ್ಲಿ ತಾಯಿಯ ಗುರುತಿಗೆಂದು ‘ಪಿ.ಎಂ.’ ಎಂಬ ಎರಡಕ್ಷರ ಉಳಿದಿದೆ, ಶುದ್ಧ ಮೈಸೂರು ಎಂಬುದರ ಇಂಗ್ಲಿಷ್ ಮೊಟಕು. ಬೈವೋಲ್ಟೈನ್ ಚೀಟಿಯಲ್ಲಿ ಅದೂ ಇರುವುದಿಲ್ಲ.